ಅತಿಥಿಯೋ, ಹಗೆಯೋ? – ಒಂದು ಪ್ರಾಚೀನ ಜರ್ಮಾನಿಕ್ ಪದದ ವಿಚಾರ

ಭಾಷಾಶಾಸ್ತ್ರದ ಗ್ರಂಥಗಳನ್ನು ತೆರೆದವರಿಗೆ ಕೆಲವು ಪದಗಳ ಮುಂದೆ ಪುಟ್ಟದೊಂದು ನಕ್ಷತ್ರ ಕಾಣಿಸುತ್ತದೆ. ಈ ರೂಪ ಯಾವ ಗ್ರಂಥದಲ್ಲಿಯೂ ದೊರೆತಿಲ್ಲ, ಯಾವ ಶಾಸನದಲ್ಲಿಯೂ ಕಂಡಿಲ್ಲ, ಆದರೂ ಒಂದು ಕಾಲದಲ್ಲಿ ಜನರ ಬಾಯಲ್ಲಿ ಇದ್ದಿರಲೇಬೇಕು ಎಂಬುದು ಆ ನಕ್ಷತ್ರದ ಅರ್ಥ. ಜರ್ಮನಿಯ ಆಗಸ್ಟ್ ಶ್ಲೈಖರ್ ಎಂಬ ಪಂಡಿತನು 19ನೆಯ ಶತಮಾನದ ನಡುವೆ ಈ ಚಿಹ್ನೆಯನ್ನು ಕ್ರಮವಾಗಿ ಬಳಕೆಗೆ ತಂದನು. ಅಂದಿನಿಂದ ಇಂದಿನವರೆಗೆ ಭಾಷೆಗಳ ಚರಿತ್ರೆಯನ್ನು ಬರೆಯುವವರಿಗೆ ಅದಿಲ್ಲದೆ ನಡೆಯದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹೊಲದ ಬದುವಿನ ವಿಷಯವಾಗಿ ಎಂತಹ ಹಿರಿಯರು ಬಂದು ಏನೇ ಹೇಳಲಿ, ‘ಪತ್ರ ಎಲ್ಲಿದೆ, ತೋರಿಸಿ’ ಎಂದು ಕೇಳುವುದು ನಮ್ಮ ಮನೆಯ ಪದ್ಧತಿ. ಆ ಅಭ್ಯಾಸವನ್ನೇ ತರಗತಿಗೂ ತಂದವರಿಗೆ ಪತ್ರವೇ ಇಲ್ಲದ ಈ ನಕ್ಷತ್ರದ ಪದಗಳನ್ನು ನಂಬುವುದು ಸುಲಭವಲ್ಲ. ಯಾರೂ ಕೇಳದ, ಯಾರೂ ಬರೆಯದ ಮಾತನ್ನು ಎರಡು ಸಾವಿರ ವರ್ಷಗಳ ಮೇಲೆ ಕುಳಿತು ಕಟ್ಟುವುದೆಂದರೆ ಅದು ಶಾಸ್ತ್ರವೋ, ಪಾಂಡಿತ್ಯದ ಕಲ್ಪನೆಯೋ? ಈ ಸಂದೇಹ ನನ್ನೊಬ್ಬನ ಸಂದೇಹವಲ್ಲವೆಂದು ಸಹಪಾಠಿಗಳ ಮಾತಿನಿಂದ ತಿಳಿದಿದೆ. ಆದುದರಿಂದ ಒಂದೇ ಒಂದು ಪದವನ್ನು ಹಿಡಿದು, ಅದನ್ನು ಕಟ್ಟಿದ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ, ಕೊನೆಗೆ ಅದಕ್ಕೆ ಪತ್ರವೇನಾದರೂ ಉಂಟೇ ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ. ಪದ ನಮಗೆಲ್ಲ ಪರಿಚಿತವಾದದ್ದೇ: ಇಂಗ್ಲಿಷಿನ ‘ಗೆಸ್ಟ್’, ಎಂದರೆ ಅತಿಥಿ.

ಇಂಗ್ಲಿಷ್ ಭಾಷೆ ಜರ್ಮಾನಿಕ್ ಎಂಬ ಭಾಷಾವರ್ಗಕ್ಕೆ ಸೇರಿದ್ದು. ಜರ್ಮನ್, ಡಚ್, ಡೇನಿಷ್, ಸ್ವೀಡಿಷ್, ಐಸ್‌ಲೆಂಡಿಕ್ ಮೊದಲಾದವು ಅದರ ಸೋದರ ಭಾಷೆಗಳು. ಇವುಗಳ ಹಳೆಯ ಬರವಣಿಗೆಯನ್ನು ನೋಡಿದರೆ ಅತಿಥಿ ಎಂಬರ್ಥದ ಪದ ಎಲ್ಲೆಡೆಯೂ ಒಂದೇ ಮುಖಚರ್ಯೆಯಿಂದ ಬರುತ್ತದೆ. 4ನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ಪನು ಬೈಬಲನ್ನು ಅನುವಾದಿಸಿದ ಗಾಥಿಕ್ ಭಾಷೆಯಲ್ಲಿ ‘ಗಸ್ತ್ಸ್’; ಪ್ರಾಚೀನ ಉತ್ತರದೇಶದ ನಾರ್ಸ್ ಭಾಷೆಯಲ್ಲಿ ‘ಗೆಸ್ತ್‌ರ್’; ಹಳೆಯ ಜರ್ಮನಿನಲ್ಲಿ ‘ಗಸ್ತ್’, ಬಹುವಚನ ‘ಗೆಸ್ತಿ’; ಹಳೆಯ ಇಂಗ್ಲಿಷಿನಲ್ಲಿ ‘ಗಿಯೆಸ್ತ್’; ಇಂದಿನ ಜರ್ಮನಿನಲ್ಲಿ ‘ಗಸ್ಟ್’. (ಇಂದಿನ ರೂಪಗಳನ್ನು ಟಕಾರದಿಂದಲೂ ಹಳೆಯ ರೂಪಗಳನ್ನು ತಕಾರದಿಂದಲೂ ಬರೆದಿರುವುದು ಕನ್ನಡ ಲಿಪಿಯ ಅನುಕೂಲಕ್ಕಾಗಿ. ಈ ಭೇದಕ್ಕೆ ಇಲ್ಲಿ ಬೇರೆ ಬೆಲೆಯಿಲ್ಲ.)

ಹೋಲಿಕೆಯಿದ್ದ ಮಾತ್ರಕ್ಕೆ ನೆಂಟಸ್ತನ ಸಿದ್ಧವಾಗುವುದಿಲ್ಲ. ಕನ್ನಡದಲ್ಲಿ ‘ಬಸ್ಸು’ ಇದೆ, ಇಂಗ್ಲಿಷಿನಲ್ಲಿ ‘ಬಸ್’ ಇದೆ. ಇದರಿಂದ ಎರಡೂ ಸೋದರಿಯರೆಂದು ಯಾರೂ ಹೇಳಲಾರರು. ಭಾಷಾಶಾಸ್ತ್ರಜ್ಞನು ನಂಬುವುದು ಹೋಲಿಕೆಯನ್ನಲ್ಲ, ವ್ಯತ್ಯಾಸದಲ್ಲಿರುವ ಕ್ರಮವನ್ನು. ಹಳಗನ್ನಡದ ‘ಪಾಲ್’ ನಮಗೆ ‘ಹಾಲು’, ‘ಪುಲಿ’ ನಮಗೆ ‘ಹುಲಿ’, ‘ಪೋಗು’ ನಮಗೆ ‘ಹೋಗು’. ಪದದ ಮೊದಲಿನ ಪಕಾರ ಹಕಾರವಾದದ್ದು ಒಂದೆರಡು ಪದಗಳಲ್ಲಿ ಅಲ್ಲ, ಸಾಲು ಸಾಲಾಗಿ. ಇದನ್ನು ಬಲ್ಲವರು ಹೊಸಗನ್ನಡದ ಒಂದು ದೇಸಿ ಪದ ‘ಹ’ದಿಂದ ಮೊದಲಾದರೆ, ಹಳಗನ್ನಡದ ಗ್ರಂಥವನ್ನು ತೆರೆಯುವ ಮೊದಲೇ ಅಲ್ಲಿ ‘ಪ’ವನ್ನು ನಿರೀಕ್ಷಿಸುತ್ತಾರೆ. ಯೂರೋಪಿನ ಭಾಷೆಗಳಲ್ಲಿಯೂ ಇಂತಹ ಸಾಲುಗಳಿವೆ. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸಾರಿದನು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿಯೂ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿಯೂ, ಜರ್ಮಾನಿಕ್ ಭಾಷೆಗಳ ವ್ಯಂಜನಗಳು ಮಿಕ್ಕ ಭಾಷೆಗಳ ವ್ಯಂಜನಗಳಿಂದ ಯಾವ ಕ್ರಮದಲ್ಲಿ ಸರಿದಿವೆ ಎಂಬುದನ್ನು ತೋರಿಸಿದರು. ಇದೇ ಗ್ರಿಮ್ ನಿಯಮವೆಂದು ಪ್ರಸಿದ್ಧವಾಗಿದೆ. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯನೇ ಈತ.

ಇನ್ನು ನಮ್ಮ ಪದಕ್ಕೆ ಬರೋಣ. ಜರ್ಮಾನಿಕ್ ವರ್ಗದ ಹೊರಗೆ ಇದಕ್ಕೆ ಎರಡು ಕಡೆ ನಿಶ್ಚಿತವಾದ ಜ್ಞಾತಿಗಳಿವೆ. ಲ್ಯಾಟಿನ್ನಿನ ‘ಹೊಸ್ತಿಸ್’ ಒಂದು. ರಷ್ಯನ್ ಮೊದಲಾದ ಸ್ಲಾವಿಕ್ ಭಾಷೆಗಳ ‘ಗೊಸ್ತಿ’ ಇನ್ನೊಂದು. ಲ್ಯಾಟಿನ್ನಿನ ಹಕಾರಕ್ಕೆ ಜರ್ಮಾನಿಕ್ಕಿನಲ್ಲಿ ಗಕಾರ ಬರುವುದು ಆಕಸ್ಮಿಕವೇ ಎಂದು ಕೇಳಬಹುದು. ಅಲ್ಲ. ಲ್ಯಾಟಿನ್ನಿನಲ್ಲಿ ತೋಟಕ್ಕೆ ‘ಹೊರ್ತುಸ್’, ಗಾಥಿಕ್‌ನಲ್ಲಿ ಅಂಗಳಕ್ಕೆ ‘ಗರ್ದ್ಸ್’. ಲ್ಯಾಟಿನ್ನಿನಲ್ಲಿ ಮನುಷ್ಯ ‘ಹೊಮೊ’, ಗಾಥಿಕ್‌ನಲ್ಲಿ ‘ಗುಮ’. ಲ್ಯಾಟಿನ್ನಿನಲ್ಲಿ ಆಡಿನ ಮರಿ ‘ಹೈದುಸ್’, ಗಾಥಿಕ್‌ನಲ್ಲಿ ಆಡು ‘ಗೈತ್ಸ್’. ನಮ್ಮ ಸಂಸ್ಕೃತದ ‘ಹಂಸ’ವೂ ಈ ಸಾಲಿನಲ್ಲಿ ನಿಲ್ಲುತ್ತದೆ: ಜರ್ಮನರು ಬಾತುಹಂಸವನ್ನು ‘ಗಾನ್ಸ್’ ಎನ್ನುತ್ತಾರೆ, ಇಂಗ್ಲಿಷರು ನಡುವಿನ ನಕಾರವನ್ನು ನುಂಗಿ ‘ಗೂಸ್’ ಎನ್ನುತ್ತಾರೆ. ಮೂಲದಲ್ಲಿ ಇವೆಲ್ಲಕ್ಕೂ ಘಕಾರದಂತಹ ಒಂದು ಮಹಾಪ್ರಾಣವಿತ್ತೆಂದು ಒಪ್ಪಿದರೆ, ಒಬ್ಬರು ಅದರ ಉಸಿರನ್ನು ಮಾತ್ರ ಉಳಿಸಿಕೊಂಡು ಹಕಾರವನ್ನು ಪಡೆದರು, ಇನ್ನೊಬ್ಬರು ಉಸಿರನ್ನು ಬಿಟ್ಟು ಗಕಾರವನ್ನು ಪಡೆದರು ಎಂದು ಎಲ್ಲವೂ ಸರಿಹೋಗುತ್ತದೆ.

ಸ್ವರದ ಮಾತೂ ಹೀಗೆಯೇ. ಲ್ಯಾಟಿನ್ನಿನ ಒಕಾರಕ್ಕೆ ಜರ್ಮಾನಿಕ್‌ನಲ್ಲಿ ಅಕಾರ ಬರುತ್ತದೆ. ಎಂಟಕ್ಕೆ ಲ್ಯಾಟಿನ್ ‘ಒಕ್ತೋ’, ಜರ್ಮನ್ ‘ಅಖ್ಟ್’. ರಾತ್ರಿಗೆ ಲ್ಯಾಟಿನ್ನಿನ ‘ನೊಕ್ತ್’, ಜರ್ಮನಿನ ‘ನಖ್ಟ್’. ಹಾಗೆಯೇ ‘ಹೊಸ್ತ್’, ‘ಗಸ್ತ್’. ಆದರೆ ತಕಾರದ ವಿಷಯದಲ್ಲಿ ಒಂದು ತೊಡಕು ಕಾಣುತ್ತದೆ. ಗ್ರಿಮ್ ನಿಯಮದಂತೆ ಲ್ಯಾಟಿನ್ನಿನ ತಕಾರ ಇಂಗ್ಲಿಷಿನಲ್ಲಿ ಥಕಾರವಾಗಬೇಕು. ಲ್ಯಾಟಿನ್ನಿನ ‘ತ್ರೇಸ್’ ಇಂಗ್ಲಿಷಿನ ‘ಥ್ರೀ’ ಆದಂತೆ. ‘ಗೆಸ್ಟ್’ ಎಂಬಲ್ಲಿ ಅದೇಕೆ ಬದಲಾಗದೆ ಉಳಿಯಿತು? ಹಿಂದೆ ಸಕಾರ ನಿಂತಿರುವುದೇ ಕಾರಣ. ಸಕಾರದ ಆಸರೆಯಲ್ಲಿರುವ ತಕಾರವನ್ನು ಈ ನಿಯಮ ಎಲ್ಲಿಯೂ ಮುಟ್ಟುವುದಿಲ್ಲ. ಲ್ಯಾಟಿನ್ನಿನ ‘ಸ್ತೆಲ್ಲ’ ಇಂಗ್ಲಿಷಿನಲ್ಲಿ ‘ಸ್ಟಾರ್’ ಆಗಿಯೇ ಉಳಿದಿದೆ. ಅಪವಾದವೂ ಒಂದು ನಿಯಮಕ್ಕೆ ಕಟ್ಟುಬಿದ್ದಿರುವುದನ್ನು ಕಂಡಾಗ ನನ್ನ ಅರ್ಧ ಸಂದೇಹ ಕಳೆಯಿತು.

ಪದದ ತಲೆಗಿಂತ ಬಾಲವೇ ಹೆಚ್ಚು ಸ್ವಾರಸ್ಯವಾದದ್ದು. ಇಂಗ್ಲಿಷಿನಲ್ಲಿ, ಜರ್ಮನಿನಲ್ಲಿ ತಕಾರದ ಮುಂದೆ ಏನೂ ಇಲ್ಲ. ಗಾಥಿಕ್‌ನಲ್ಲಿ ಒಂದು ಸಕಾರವಿದೆ, ನಾರ್ಸ್‌ನಲ್ಲಿ ಒಂದು ರಕಾರವಿದೆ. ಮೂಲದಲ್ಲಿ ಏನಿತ್ತು? ಮೊದಲು ಕಳೆದುಹೋದ ಸ್ವರವನ್ನು ಹುಡುಕಬೇಕು. ನಾರ್ಸ್‌ನಲ್ಲಿ ‘ಗಸ್ತ್’ ಎಂದಿರದೆ ‘ಗೆಸ್ತ್’ ಎಂದು ಎಕಾರ ಬಂದಿರುವುದೂ, ಹಳೆಯ ಜರ್ಮನಿನ ಬಹುವಚನದಲ್ಲಿ ‘ಗೆಸ್ತಿ’ ಎಂದು ಆಗಿರುವುದೂ ಒಂದೇ ಕಾರಣದಿಂದ. ಮುಂದಿನ ಅಕ್ಷರದಲ್ಲಿ ಇಕಾರವಿದ್ದರೆ ನಾಲಗೆ ಮೊದಲೇ ಅದಕ್ಕೆ ಸಿದ್ಧವಾಗಿ ಹಿಂದಿನ ಅಕಾರವನ್ನು ಎಕಾರದ ಕಡೆಗೆ ಎಳೆಯುತ್ತದೆ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಮ್ಯಾನ್ – ಮೆನ್’, ‘ಫುಟ್ – ಫೀಟ್’ ಎಂಬ ವಿಚಿತ್ರ ಬಹುವಚನಗಳಿಗೆ ಇದೇ ಮೂಲ. ಅಲ್ಲಿಯೂ ಒಂದು ಇಕಾರವಿದ್ದು, ಸ್ವರವನ್ನು ಬದಲಾಯಿಸಿ, ತಾನು ಮಾಯವಾಗಿದೆ. ಹಾವು ಹೋದರೂ ಮರಳಿನಲ್ಲಿ ಅದರ ಗೆರೆ ಉಳಿಯುವಂತೆ, ‘ಗೆಸ್ತ್‌ರ್’ ಎಂಬಲ್ಲಿಯ ಎಕಾರ ಹೋದ ಇಕಾರದ ಗುರುತು.

ಇಕಾರದ ಮುಂದಿನ ವ್ಯಂಜನ ಯಾವುದು? ಗಾಥಿಕ್ ಸಕಾರವೆನ್ನುತ್ತದೆ, ನಾರ್ಸ್ ರಕಾರವೆನ್ನುತ್ತದೆ. ಇವೆರಡಕ್ಕೂ ತಾಯಿಯಾಗಬಲ್ಲ ಧ್ವನಿ ಒಂದೇ. ಇಂಗ್ಲಿಷಿನ ‘ಜ಼ೂ’ ಎಂಬಲ್ಲಿರುವ ಘೋಷ ಧ್ವನಿ. ಅದು ಘೋಷವನ್ನು ಕಳೆದುಕೊಂಡರೆ ‘ಸ್’, ನಾಲಗೆ ಸಡಿಲಿ ಅದುರಿದರೆ ‘ರ್’. ಇಷ್ಟು ಹೇಳಿದರೆ ಊಹೆಯೆಂದು ತೋರಬಹುದು. ಆದರೆ ಡೆನ್ಮಾರ್ಕಿನ ಕಾರ್ಲ್ ವೆರ್ನರ್ 1877ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಬಲವಾದ ಆಧಾರವನ್ನೊದಗಿಸಿತು. ಹಿಂದಿನ ಅಕ್ಷರದ ಮೇಲೆ ಸ್ವರಾಘಾತವಿಲ್ಲದಿದ್ದರೆ ಇಂತಹ ಊಷ್ಮ ಧ್ವನಿಗಳು ಘೋಷವಾಗುತ್ತವೆಂದು ಅವನು ತೋರಿಸಿದನು. ಆ ಆಘಾತ ಎಲ್ಲಿತ್ತೆಂದು ತಿಳಿಯಲು ಅವನಿಗೆ ನೆರವಾದದ್ದು ವೇದದ ಉದಾತ್ತ ಸ್ವರ! ‘ಭ್ರಾತೃ’ ಶಬ್ದದಲ್ಲಿ ಉದಾತ್ತ ಮೊದಲನೆಯ ಅಕ್ಷರದ ಮೇಲೆ, ‘ಪಿತೃ’ ಶಬ್ದದಲ್ಲಿ ಎರಡನೆಯದರ ಮೇಲೆ. ಆದುದರಿಂದಲೇ ಜರ್ಮನಿನಲ್ಲಿ ‘ಬ್ರೂಡರ್’ ಎಂದು ದಕಾರದ ಜಾತಿಯೂ ‘ಫಾಟರ್’ ಎಂದು ತಕಾರದ ಜಾತಿಯೂ ಬೇರೆ ಬೇರೆಯಾಗಿ ಇಂದಿಗೂ ಉಳಿದಿವೆ. ನಮ್ಮ ಕಡೆಯ ವೇದಪಾಠಿಗಳು ಸಾವಿರಾರು ವರ್ಷ ಬಾಯಿಂದ ಬಾಯಿಗೆ ಕಾಪಾಡಿದ ಸ್ವರ, ಉತ್ತರ ಸಮುದ್ರದ ದಡದ ಭಾಷೆಗಳ ಒಂದು ಗಂಟನ್ನು ಬಿಡಿಸಿತು. ನಮ್ಮ ಪದದ ಕೊನೆಯ ಅಕ್ಷರದ ಮೇಲೆ ಆಘಾತವಿಲ್ಲ. ಆದುದರಿಂದ ಸಕಾರ ಘೋಷವಾಯಿತು. ಹೀಗೆ ದೊರೆತ ಮೂಲ ಜರ್ಮಾನಿಕ್ ರೂಪ: *ಗಸ್ತಿಜ಼್. ಅದಕ್ಕೂ ಹಿಂದಿನ, ಲ್ಯಾಟಿನ್, ಸ್ಲಾವಿಕ್‌ಗಳಿಗೂ ಸಮಾನವಾದ ರೂಪ: *ಘೊಸ್ತಿಸ್.

ಈಗ ಪತ್ರದ ಪ್ರಶ್ನೆ.

ಡೆನ್ಮಾರ್ಕಿನ ದಕ್ಷಿಣ ಯೂಟ್ಲೆಂಡಿನಲ್ಲಿ ಗಲ್ಲೆಹುಸ್ ಎಂಬ ಹಳ್ಳಿಯಿದೆ. 1639ರಲ್ಲಿ ಕರ್ಸ್ಟನ್ ಸ್ವೆಂಡ್ಸ್‌ಡಾಟರ್ ಎಂಬ ಹಳ್ಳಿಯ ಹುಡುಗಿಗೆ ಅಲ್ಲಿ ದೊಡ್ಡದೊಂದು ಚಿನ್ನದ ಕೊಂಬು ಸಿಕ್ಕಿತು. ದೊರೆಯ ಬೊಕ್ಕಸಕ್ಕೆ ಅದು ಸೇರಿತು. 95 ವರ್ಷಗಳ ಮೇಲೆ, 1734ರಲ್ಲಿ, ಎರಿಕ್ ಲಾಸೆನ್ ಎಂಬ ರೈತನಿಗೆ ಹೆಚ್ಚು ದೂರವಲ್ಲದ ಜಾಗದಲ್ಲಿಯೇ ಎರಡನೆಯ ಕೊಂಬು ದೊರೆಯಿತು. ಇದು ಮೊದಲನೆಯದಕ್ಕಿಂತ ಗಿಡ್ಡ. ಆದರೆ ಇದರ ಬಾಯಂಚಿನ ಸುತ್ತ ರೂನ್ ಎಂಬ ಹಳೆಯ ಲಿಪಿಯಲ್ಲಿ ಒಂದು ಸಾಲು ಕೆತ್ತಿತ್ತು. ಕಾಲ ಸುಮಾರು ಕ್ರಿ.ಶ. 400. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು 450 ಎಂಬುದನ್ನು ನೆನೆದರೆ ಇದರ ಪ್ರಾಚೀನತೆ ನಮಗೆ ಮನದಟ್ಟಾಗುತ್ತದೆ.

1802ರ ಮೇ 4ರ ರಾತ್ರಿ ನೀಲ್ಸ್ ಹೈಡೆನ್‌ರೈಖ್ ಎಂಬ ಅಕ್ಕಸಾಲಿಗ ಕೋಪನ್‌ಹೇಗನ್ನಿನ ರಾಜಸಂಗ್ರಹಾಲಯಕ್ಕೆ ಕಳ್ಳ ಬೀಗದ ಕೈಯಿಂದ ನುಗ್ಗಿ ಎರಡು ಕೊಂಬುಗಳನ್ನೂ ಕದ್ದು ಕರಗಿಸಿಬಿಟ್ಟನು. ಇವನ ಮೇಲೆ ಅನುಮಾನ ಹುಟ್ಟಿದ ಬಗೆ ನಮಗೆ ವಿಶೇಷ ಕುತೂಹಲಕರ. ಅಕ್ಕಸಾಲಿಗರ ಸಂಘದ ಮುಖ್ಯಸ್ಥನಿಗೆ ಅವನು ಖೋಟಾ ‘ಪಗೋಡ’ ನಾಣ್ಯಗಳನ್ನು ಮಾರಲು ಹೋಗಿದ್ದನಂತೆ. ಪಗೋಡವೆಂದರೆ ದೇವರ ಮೂರ್ತಿಯುಳ್ಳ ದಕ್ಷಿಣ ಭಾರತದ ಚಿನ್ನದ ನಾಣ್ಯ, ನಮ್ಮ ವರಹ. ಅಂದಿಗೆ ತರಂಗಂಬಾಡಿಯಲ್ಲಿ ಡೇನರ ಕೋಟೆಯಿದ್ದುದರಿಂದ ಆ ನಾಣ್ಯ ಅವರಿಗೆ ಹೊಸದಲ್ಲ. ಕಳ್ಳ ಮರುವರ್ಷ ಸಿಕ್ಕಿಬಿದ್ದು 1840ರವರೆಗೆ ಸೆರೆಯಲ್ಲಿದ್ದನು. ಕೊಂಬುಗಳು ಮಾತ್ರ ಹೋದವು.

ಪತ್ರ ಹೋಯಿತು, ಆದರೆ ನಕಲು ಉಳಿದಿತ್ತು. 1734ರಲ್ಲಿಯೇ ಕೊಂಬಿನ ಚಿತ್ರವನ್ನು, ಲಿಪಿಯ ಸಮೇತ, ಎಚ್ಚರಿಕೆಯಿಂದ ಬರೆದಿಟ್ಟಿದ್ದರು. ಅದನ್ನು ಬರೆದವರಿಗೆ ಓದಲು ಬರುತ್ತಿರಲಿಲ್ಲ. ಇದು ಸಾಕ್ಷಿಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಓದಲು ಬಾರದವನು ತನ್ನ ಇಷ್ಟದಂತೆ ತಿದ್ದಲಾರ. ನಾರ್ವೆಯ ಸೋಫಸ್ ಬುಗ್ಗೆ ಎಂಬ ವಿದ್ವಾಂಸನು ಹಳೆಯ ರೂನ್ ಲಿಪಿಯನ್ನು ಓದುವ ಬಗೆಯನ್ನು ಗಟ್ಟಿಮಾಡಿದ್ದು 1865ರಲ್ಲಿ, ಕೊಂಬು ಕರಗಿ 63 ವರ್ಷಗಳಾದ ಮೇಲೆ. ಸಾಲಿನಲ್ಲಿರುವುದು ಐದೇ ಪದ. ಮೊದಲನೆಯದು ‘ಎಕ್’, ಎಂದರೆ ನಾನು. ಕೊನೆಯ ಎರಡು ‘ಹೊರ್ನ’ ಮತ್ತು ‘ತವಿದೊ’, ಎಂದರೆ ಕೊಂಬನ್ನು ಮಾಡಿದೆನು. ‘ಹೊಲ್ತಿಯಜ಼್’ ಎಂಬ ನಾಲ್ಕನೆಯ ಸ್ಥಾನದ ಹಿಂದಿನ, ಎಂದರೆ ಮೂರನೆಯ ಪದ, ಹೊಲ್ತ್ ಎಂಬವನ ಮಗನೆಂದೋ ಹೊಲ್ತ್ ಎಂಬ ಊರಿನವನೆಂದೋ ಅರ್ಥ ಕೊಡುತ್ತದೆ. ಎರಡನೆಯ ಪದ ಆ ಕಮ್ಮಾರನ ಹೆಸರು: ‘ಹ್ಲೆವಗಸ್ತಿಜ಼್’.

ಇಕಾರವೂ ಇದೆ, ಕೊನೆಯ ವ್ಯಂಜನವೂ ಇದೆ. ಗಾಥಿಕ್‌ನಲ್ಲಿ ಇಲ್ಲದ, ನಾರ್ಸ್‌ನಲ್ಲಿ ಗೆರೆಯಾಗಿ ಮಾತ್ರ ಉಳಿದ, ಇಂಗ್ಲಿಷ್ ಜರ್ಮನ್‌ಗಳಲ್ಲಿ ಸುಳಿವೇ ಇಲ್ಲದ ಬಾಲ ಚಿನ್ನದ ಮೇಲೆ ಪೂರ್ತಿಯಾಗಿ ಕುಳಿತಿದೆ. ಕೊನೆಯ ರೂನ್ ಅಕ್ಷರದ ಉಚ್ಚಾರ ಆ ಕಾಲಕ್ಕೆ ಸ್ವಲ್ಪ ರಕಾರದ ಕಡೆಗೆ ವಾಲಿತ್ತೇ ಎಂದು ಪಂಡಿತರಲ್ಲಿ ಚರ್ಚೆಯುಂಟು. ಆದರೆ ಅದು ಶುದ್ಧ ಸಕಾರವೂ ಅಲ್ಲ, ಮಾಮೂಲಿನ ರಕಾರವೂ ಅಲ್ಲ ಎಂಬುದರಲ್ಲಿ ಸಂಶಯವಿಲ್ಲ. ಏಕೆಂದರೆ ಆ ಎರಡಕ್ಕೂ ರೂನ್ ಲಿಪಿಯಲ್ಲಿ ಬೇರೆ ಅಕ್ಷರಗಳಿವೆ.

ಇನ್ನೊಂದು ಸಾಕ್ಷಿ ಫಿನ್‌ಲೆಂಡಿನದು. ಫಿನ್ನಿಷ್ ಭಾಷೆ ಈ ಕುಟುಂಬಕ್ಕೆ ಸೇರಿದ್ದೇ ಅಲ್ಲ. ಆದರೆ ಬಹು ಹಿಂದೆ ನೆರೆಯವರಿಂದ ಕೆಲವು ಪದಗಳನ್ನು ಕಡ ತಂದು, ತಂದಂತೆಯೇ ಇಟ್ಟುಕೊಂಡಿದೆ. ಇಂಗ್ಲಿಷಿನಲ್ಲಿ ಸವೆದು ‘ಕಿಂಗ್’ ಆದ ಪದ ಅಲ್ಲಿ ಇಂದಿಗೂ ‘ಕುನಿಂಗಸ್’. ‘ರಿಂಗ್’ ಎಂಬುದು ‘ರೆಂಗಸ್’. ಮಗ ಕಳೆದ ಸೊತ್ತು ನೆರೆಮನೆಯ ಅಟ್ಟದಲ್ಲಿ ಭದ್ರವಾಗಿತ್ತು.

ಇಲ್ಲಿ ಇಂಗ್ಲಿಷಿನ ಒಂದು ತಮಾಷೆಯನ್ನು ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಇಂಗ್ಲಿಷಿನಲ್ಲಿ ಈ ಪದವನ್ನು ಗಕಾರದಿಂದ ಬರೆದರೂ ಉಚ್ಚರಿಸುತ್ತಿದ್ದುದು ಯಕಾರದಿಂದ. ಆ ದಾರಿಯಲ್ಲೇ ನಡೆದಿದ್ದರೆ ನಾವು ಇಂದು ‘ಯೆಸ್ಟ್ ಹೌಸ್’ ಎನ್ನಬೇಕಾಗಿತ್ತು. ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದು ಅಲ್ಲಿಯೇ ನೆಲೆಸಿದ ವೈಕಿಂಗರ ಮಾತಿನ ಪ್ರಭಾವದಿಂದ ಗಟ್ಟಿ ಗಕಾರ ಮರಳಿ ಬಂತು. ಅತಿಥಿ ಎಂಬ ಮಾತನ್ನು ಕರೆಯದೆ ಬಂದ ಅತಿಥಿಗಳಿಂದ ತಿದ್ದಿಸಿಕೊಂಡದ್ದು! ಆ ವೈಕಿಂಗರ ವಂಶದ ಸ್ವೀಡನ್ನಿನವರು ಆಮೇಲೆ ತಾವೇ ಗಕಾರವನ್ನು ಮೆತ್ತಗೆ ಮಾಡಿ ಈಗ ‘ಯೆಸ್ಟ್’ ಎನ್ನುತ್ತಾರೆ.

ಧ್ವನಿಯ ಮಾತು ಇಲ್ಲಿಗೆ ಸಾಕು. ಅರ್ಥದ ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಜರ್ಮಾನಿಕ್ ಮತ್ತು ಸ್ಲಾವಿಕ್‌ಗಳಲ್ಲಿ ಅತಿಥಿಯಾದವನು ಲ್ಯಾಟಿನ್ನಿನಲ್ಲಿ ಶತ್ರು. ‘ಹೊಸ್ತಿಸ್’ ಎಂದರೆ ರಣರಂಗದಲ್ಲಿ ಎದುರು ನಿಂತ ವೈರಿ. ಇಂಗ್ಲಿಷಿನ ‘ಹೊಸ್ಟೈಲ್’ ಬಂದದ್ದು ಅದರಿಂದಲೇ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನಿಗೆ ಮಣೆ, ಇನ್ನೊಬ್ಬನಿಗೆ ಕತ್ತಿ ಹೇಗೆ ಬಂತು?

ರೋಮನ್ನರಿಗೇ ಈ ಪ್ರಶ್ನೆ ಹೊಳೆದಿತ್ತು. ಕ್ರಿ.ಪೂ. 44ರಲ್ಲಿ ಬರೆದ ತನ್ನ ಧರ್ಮವಿಚಾರದ ಗ್ರಂಥದಲ್ಲಿ ಸಿಸೆರೋ, ಹಿಂದಿನವರು ‘ಹೊಸ್ತಿಸ್’ ಎಂದು ಕರೆಯುತ್ತಿದ್ದುದು ವೈರಿಯನ್ನಲ್ಲ, ಪರದೇಶದವನನ್ನು ಎನ್ನುತ್ತಾನೆ. ರೋಮಿನ ಹಳೆಯ ಹನ್ನೆರಡು ಫಲಕಗಳ ಶಾಸನವನ್ನೇ ಆಧಾರವಾಗಿ ಕೊಡುತ್ತಾನೆ. ವಾರ್ರೋ ಎಂಬ ವಿದ್ವಾಂಸನ ಮಾತೂ ಇದೇ. ಗಾಥಿಕ್ ಬೈಬಲನ್ನು ನೋಡಿದರೆ ಈ ಮಾತಿಗೆ ಬೇರೆ ದಿಕ್ಕಿನಿಂದ ಬೆಂಬಲ ಸಿಗುತ್ತದೆ. ಅಲ್ಲಿ ‘ಗಸ್ತ್ಸ್’ ಎಂಬ ಪದವನ್ನು ವುಲ್ಫಿಲ ಬಳಸಿರುವುದು ಪರಕೀಯ, ಅಪರಿಚಿತ ಎಂಬರ್ಥದ ಗ್ರೀಕ್ ಶಬ್ದಕ್ಕೆ. ಆತಿಥ್ಯ ಮಾಡುವ ಗುಣವುಳ್ಳವನಿಗೆ ಅವನು ಬಳಸುವ ‘ಗಸ್ತಿಗೊದ್ಸ್’ ಎಂಬ ಪದದ ಅಕ್ಷರಾರ್ಥ, ಗಸ್ತಿಗೆ ಒಳ್ಳೆಯವನು ಎಂದು. ಒಳ್ಳೆಯತನವನ್ನು ಬೇರೆ ಪದ ತಂದು ಸೇರಿಸಬೇಕಾಯಿತು ಎಂಬುದನ್ನು ಗಮನಿಸಬೇಕು. ಹಾಗಾದರೆ ಮೂಲಾರ್ಥ ಅತಿಥಿಯೂ ಅಲ್ಲ, ಶತ್ರುವೂ ಅಲ್ಲ. ಹೊರಗಿನಿಂದ ಬಂದವನು, ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಗುರುತಿಲ್ಲದವರು ಬಾಗಿಲಿಗೆ ಬಂದರೆ ‘ಯಾವೂರು?’ ಎಂದು ಕೇಳಿ, ಉತ್ತರ ಬಂದ ಮೇಲೆಯೇ ನೀರಿನ ಚೊಂಬು ತರುತ್ತಾರಲ್ಲವೆ? ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ನಿಂತಿರುವವನೇ ಈ *ಘೊಸ್ತಿಸ್.

ಇದಕ್ಕೆ ಸಮಾನವಾದ ಉದಾಹರಣೆಯೊಂದು ವೇದಭಾಷೆಯಲ್ಲಿದೆ. ‘ಅರಿ’ ಎಂದರೆ ಶತ್ರುವೆಂದು ನಾವೆಲ್ಲ ಬಲ್ಲೆವು, ಅರಿಷಡ್ವರ್ಗವೆನ್ನುತ್ತೇವೆ. ಆದರೆ ಋಗ್ವೇದದಲ್ಲಿ ಈ ಪದ ಕೆಲವೆಡೆ ಒಳ್ಳೆಯವನಿಗೂ ಕೆಲವೆಡೆ ಕೆಟ್ಟವನಿಗೂ ಬರುತ್ತದೆ. ಜರ್ಮನಿಯ ಪೌಲ್ ಟೀಮೆ 1938ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನೇ ಬರೆದು, ಮೂಲಾರ್ಥ ಪರಕೀಯನೆಂದೂ, ಅದರಿಂದಲೇ ಅತಿಥಿ, ವೈರಿ ಎಂಬ ಎರಡು ಕವಲೊಡೆದವೆಂದೂ ವಾದಿಸಿದನು. ಎಲ್ಲರೂ ಒಪ್ಪಿದ್ದಾರೆಂದಲ್ಲ. ‘ಅರಿ’ಗೂ ‘ಗಸ್ತಿ’ಗೂ ಧ್ವನಿಯಲ್ಲಿ ಸಂಬಂಧವೂ ಇಲ್ಲ. ಆದರೂ ಬೇರೆ ಬೇರೆ ಎರಡು ಪದಗಳು ಒಂದೇ ಕವಲುದಾರಿಯಲ್ಲಿ ನಡೆದಿವೆ ಎಂಬುದು ವಿಚಾರಾರ್ಹ.

ಫ್ರಾನ್ಸಿನ ಎಮೀಲ್ ಬೆನ್ವೆನಿಸ್ತ್ 1969ರಲ್ಲಿ ಇನ್ನೂ ಮುಂದೆ ಹೋದನು. ಲ್ಯಾಟಿನ್ನಿನಲ್ಲಿ ‘ಹೊಸ್ತೀರೆ’ ಎಂಬ ಹಳೆಯ ಕ್ರಿಯಾಪದವಿದೆ. ಸರಿದೂಗಿಸು, ಪ್ರತಿಯಾಗಿ ಕೊಡು ಎಂದು ಅದರ ಅರ್ಥ. ಆದುದರಿಂದ ‘ಹೊಸ್ತಿಸ್’ ಎಂದರೆ ಯಾವನೋ ದಾರಿಹೋಕನಲ್ಲ, ಕೊಡು–ಕೊಳ್ಳುವ ಸಮಾನ ಋಣವುಳ್ಳ ಪರದೇಶದವನು. ರಾಜ್ಯಗಳು ಬೆಳೆದು ಮನೆ ಮನೆಯ ಋಣಗಳು ಮುರಿದ ಮೇಲೆ ಅವನು ವೈರಿಯಾದನು ಎಂಬುದು ಅವನ ಸಿದ್ಧಾಂತ. ಮುಯ್ಯಿಯ ಲೆಕ್ಕ ಬರೆದಿಡುವ ನಮ್ಮ ಮದುವೆ ಮನೆಗಳನ್ನು ಕಂಡವರಿಗೆ ಇದು ಬೇಗನೆ ರುಚಿಸುತ್ತದೆ. ಆದರೆ ಬೇಗ ರುಚಿಸುವುದೇ ಅದರ ಅಪಾಯವೆಂದೂ ನನಗೆ ತೋರುತ್ತದೆ. ಆ ಕ್ರಿಯಾಪದ ಲ್ಯಾಟಿನ್ನಿನಲ್ಲಿ ಮಾತ್ರ ಉಂಟು. ಗಾಥಿಕ್‌ನ ಪರಕೀಯನಿಗೆ ಈ ಋಣದ ಭಾರವನ್ನು ಹೊರಿಸಲು ಜರ್ಮಾನಿಕ್ ಕಡೆಯಿಂದ ಅಷ್ಟು ಸಾಕ್ಷಿಯಿಲ್ಲ.

ಲ್ಯಾಟಿನ್ನಿನಲ್ಲಿ ಹೊಸ್ತಿಸ್ ವೈರಿಯಾದ ಮೇಲೆ ಅತಿಥಿಗೆ ಬೇರೆ ಪದ ಬೇಕಾಯಿತು. ‘ಹೊಸ್ಪೆಸ್’ ಎಂಬುದು ಆ ಕೆಲಸಕ್ಕೆ ನಿಂತಿತು. ಅದರ ಮೊದಲ ಭಾಗ ಇದೇ ಹೊಸ್ತಿ, ಎರಡನೆಯ ಭಾಗ ನಮ್ಮ ಸಂಸ್ಕೃತದ ‘ಪತಿ’. ಅತಿಥಿಗಳ ಒಡೆಯನೆಂದು ಅರ್ಥ. ಆಸ್ಪತ್ರೆಯನ್ನು ಹೇಳುವ ‘ಹಾಸ್ಪಿಟಲ್’, ‘ಹೋಟೆಲ್’, ನಮ್ಮಲ್ಲಿ ಅನೇಕರು ವಾಸಿಸುವ ‘ಹಾಸ್ಟೆಲ್’, ಮೂರೂ ಅದರ ಮಕ್ಕಳು. ಆದುದರಿಂದ ‘ಹಾಸ್ಟೆಲಿಗೆ ಗೆಸ್ಟ್ ಬಂದರು’ ಎಂದು ನಾವು ಹೇಳಿದಾಗ ಒಂದೇ ಪದವನ್ನು ಎರಡು ವೇಷಗಳಲ್ಲಿ ಎರಡು ಸಲ ಹೇಳಿದಂತಾಯಿತು.

ಜರ್ಮಾನಿಕ್ ನಾಡುಗಳಲ್ಲಿ ಈ ಪದ ಸದಾ ಸಾಧುವಾಗಿಯೇ ಇತ್ತೆಂದು ತಿಳಿಯಬಾರದು. ‘ಗಸ್ತ್’ ಎಂಬುದನ್ನು ಮಕ್ಕಳ ಹೆಸರಿಗೆ ಸೇರಿಸುತ್ತಿದ್ದರು, ನಿಜ. ಕೊಂಬಿನ ಹ್ಲೆವಗಸ್ತಿಜ಼್ ಒಬ್ಬ; ರೋಮಿನ ಸೇನಾಪತಿಯಾಗಿ 394ರಲ್ಲಿ ಸತ್ತ ಫ್ರಾಂಕ್ ಜನದ ಅರ್ಬೊಗಸ್ತ್ ಇನ್ನೊಬ್ಬ. ಹ್ಲೆವ ಎಂದರೆ ಕೀರ್ತಿಯೆಂದು ಕೆಲವರು, ಆಸರೆಯೆಂದು ಕೆಲವರು ಹೇಳುತ್ತಾರೆ. ಯಾವುದಾದರೂ ಸರಿಯೇ, ಹೆಸರಿನಲ್ಲಿರುವ ಗಸ್ತ್ ವೈರಿಯಾಗಿರಲಾರ. ಆದರೆ 13ನೆಯ ಶತಮಾನದಲ್ಲಿ ನಾರ್ವೆಯಲ್ಲಿ ರಚಿತವಾದ ‘ರಾಜದರ್ಪಣ’ ಎಂಬ ಗ್ರಂಥವನ್ನು ನೋಡಿ. ದೊರೆಯ ಪರಿವಾರದಲ್ಲಿ ‘ಗೆಸ್ತಿರ್’, ಎಂದರೆ ಅತಿಥಿಗಳು, ಎಂಬ ಒಂದು ವರ್ಗದ ಭಟರಿದ್ದರು. ದೊರೆಯ ವೈರಿಗಳನ್ನು ಹುಡುಕಿ ಹಿಡಿಯುವುದು ಅವರ ಕೆಲಸ. ಆ ಹೆಸರೇಕೆಂದರೆ, ಅವರು ಅನೇಕರ ಮನೆಗಳಿಗೆ ಹೋಗುತ್ತಾರೆ, ಆದರೆ ಯಾವಾಗಲೂ ಸ್ನೇಹದಿಂದಲ್ಲ ಎಂದು ಗ್ರಂಥಕಾರ ವಿವರಿಸುತ್ತಾನೆ. ಇದು ಹಾಸ್ಯವಾಗಿದ್ದರೆ ಬಲು ಕಹಿಯಾದ ಹಾಸ್ಯ.

ಹಳೆಯ ಇಂಗ್ಲಿಷ್ ಕಾವ್ಯವಾದ ‘ಬೇವುಲ್ಫ್’ನಲ್ಲಿಯೂ ಒಂದು ಪೇಚು ಉಂಟು. ರಾತ್ರಿಯಲ್ಲಿ ಅರಮನೆಗೆ ನುಗ್ಗಿ ನರರನ್ನು ತಿನ್ನುವ ಗ್ರೆಂಡೆಲ್ ಎಂಬ ರಾಕ್ಷಸನನ್ನು ಕವಿ ‘ಗೆಸ್ತ್’ ಎನ್ನುತ್ತಾನೆ. ಸ್ವರವನ್ನು ಹ್ರಸ್ವವಾಗಿ ಓದಿದರೆ ಅತಿಥಿ. ದೀರ್ಘವಾಗಿ ಓದಿದರೆ ಭೂತ, ಇಂದಿನ ‘ಗೋಸ್ಟ್’. ಕ್ರಿ.ಶ. 1000ದ ಆಸುಪಾಸಿನ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಅದರಲ್ಲಿ ದೀರ್ಘದ ಗುರುತಿಲ್ಲ. ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಕರೆಯದೆ ಬಂದು ಉಣ್ಣುವವನನ್ನು ಕವಿ ಬೇಕೆಂದೇ ಎರಡರ್ಥ ಬರುವಂತೆ ಕರೆದಿದ್ದಾನೆಂದು ನನ್ನ ಮನಸ್ಸಿಗೆ ತೋರುತ್ತದೆ, ಸಾಧಿಸಲಾರೆ.

ಇಷ್ಟನ್ನು ನೋಡಿದ ಮೇಲೆ ನನಗೆ ತಿಳಿದುಬಂದದ್ದು ಹೀಗೆ. *ಗಸ್ತಿಜ಼್ ಎಂಬ ಧ್ವನಿರೂಪವನ್ನು ಧೈರ್ಯವಾಗಿ ನಂಬಬಹುದು. ಅದರ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಸಾಕ್ಷಿಗಳಿದ್ದಾರೆ, ಕೊನೆಗೆ ಚಿನ್ನದ ಪತ್ರದ ನಕಲೂ ಇದೆ. ಅದರ ಅರ್ಥವನ್ನು ಅದೇ ಧೈರ್ಯದಿಂದ ನಂಬಲಾಗದು. ಧ್ವನಿ ಬದಲಾಗುವುದು ನಾಲಗೆಯ ನಿಯಮದಂತೆ, ಅರ್ಥ ಬದಲಾಗುವುದು ಜನರ ಬಾಳಿನಂತೆ. ಪುಸ್ತಕಗಳಲ್ಲಿ ಎರಡಕ್ಕೂ ಒಂದೇ ನಕ್ಷತ್ರವನ್ನು ಹಾಕಿರುವುದು ನನಗೆ ಅಷ್ಟು ಸರಿಕಾಣುವುದಿಲ್ಲ.

ಈ ಪದದ ಬಾಳು ಇನ್ನೂ ಮುಗಿದಿಲ್ಲ. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳಿಗೆ ಆಳು ಸಾಲದೆ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಡನೆಯೂ 1961ರಲ್ಲಿ ತುರ್ಕಿಯೊಡನೆಯೂ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಅವರಿಗೆ ಬಿದ್ದ ಹೆಸರು ‘ಗಸ್ಟ್‌ಆರ್ಬೈಟರ್’, ಅತಿಥಿ ಕೆಲಸಗಾರ. ದುಡಿದು ಊರಿಗೆ ಹಿಂದಿರುಗುವವರೆಂದು ಆ ಹೆಸರು. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಹೇಳುವ ‘ಅತಿಥಿ ಉಪನ್ಯಾಸಕ’ರನ್ನು ಬಲ್ಲ ನಮಗೆ ಇಂತಹ ಹೆಸರಿನ ಮರ್ಮ ವಿವರಿಸಬೇಕಾಗಿಲ್ಲ. 1973ರಲ್ಲಿ ಹೊಸಬರನ್ನು ಕರೆಸುವುದು ನಿಂತಿತು. ಬಂದವರಲ್ಲಿ ಬಹುಮಂದಿ ಹಿಂದಿರುಗಿದರು. ಲಕ್ಷಾಂತರ ಮಂದಿ ಉಳಿದರು, ಹೆಂಡಿರು ಮಕ್ಕಳನ್ನೂ ಕರೆಸಿಕೊಂಡರು. ಅಲ್ಲಿಯೇ ಹುಟ್ಟಿದ ಅವರ ಮಕ್ಕಳಿಗೆ ಕೆಲವು ಷರತ್ತುಗಳ ಮೇಲೆ ಹುಟ್ಟಿನಿಂದಲೇ ಪೌರತ್ವ ದೊರೆಯುವಂತೆ ಕಾನೂನು ಬದಲಾದದ್ದು 2000ದ ಜನವರಿ 1ರಿಂದ.